ವಿಜಯ ದಿವಸಕ್ಕೆ ಬರೆಯಲು ಕೂತ ತಮ್ಮನಿಗೆ

ಧಾರವಾಡ

ಪ್ರೀತಿಯ ತಮ್ಮಾ,

ನಿನ್ನ ಲೇಖನ ಎರಡು ಸಲ ಓದಿದೆ. ಹಾವೇರಿಯ ಹುಡುಗನೊಬ್ಬ ಯಾರೂ ಕೇಳದೆ ತಾನಾಗಿಯೇ 1971ರ ಭಾರತ-ಪಾಕಿಸ್ತಾನ ಯುದ್ಧದ ಬಗ್ಗೆ ಬರೆಯಲು ಕೂತಿದ್ದು ನನಗೆ ಬಹಳ ಖುಷಿ ಕೊಟ್ಟಿತು. ತಾರೀಖುಗಳೆಲ್ಲ ಸರಿ ಇವೆ. ಡಿಸೆಂಬರ್ 3ರ ಸಂಜೆ ನಮ್ಮ ವಾಯುನೆಲೆಗಳ ಮೇಲೆ ಪಾಕಿಸ್ತಾನದ ದಾಳಿ, 16ರಂದು ಢಾಕಾದ ರಮ್ನಾ ರೇಸ್‌ಕೋರ್ಸ್ ಮೈದಾನದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿಯ ಶರಣಾಗತಿಯ ಸಹಿ, ಸುಮಾರು 93,000 ಸೆರೆಯಾಳುಗಳು. ಆದರೆ ತಲೆಬರಹ 'ಎರಡು ದೇಶಗಳ ಗೆಳೆತನ' ಅಂತ ಇಟ್ಟಿದ್ದೀಯಲ್ಲ, ಎರಡನೇ ದೇಶ ಎಲ್ಲಿದೆ? ಬಾಂಗ್ಲಾದೇಶದ ಒಬ್ಬ ಮನುಷ್ಯನೂ ನಿನ್ನ ಲೇಖನದಲ್ಲಿ ಓಡಾಡುವುದಿಲ್ಲ. ನಾವು ಹೋದೆವು, ಗೆದ್ದೆವು, ಬಿಡಿಸಿಕೊಟ್ಟೆವು. ಅವರು ಸುಮ್ನೆ ಕೈಕಟ್ಟಿ ನಿಂತಿದ್ದರು ಅನ್ನೋ ಹಾಗಾಗಿದೆ. ಅದನ್ನು ತಿದ್ದಲೇಬೇಕು. ಶರಣಾಗತಿ ಪತ್ರದಲ್ಲೇ ನಮ್ಮ ಜನರಲ್ ಅರೋರಾ ಅವರನ್ನು ಭಾರತ ಮತ್ತು ಬಾಂಗ್ಲಾದೇಶ ಎರಡೂ ಪಡೆಗಳ ದಂಡನಾಯಕ ಎಂದು ಬರೆದಿದೆ.

ಹಾಗಾಗಿ ಡಿಸೆಂಬರ್‌ನಿಂದ ಶುರು ಮಾಡಬೇಡ. ಮಾರ್ಚ್ 25ರ ರಾತ್ರಿಗೆ ಹೋಗು. ಬಾಂಗ್ಲಾದೇಶ ಆಗಿನ್ನೂ ಪೂರ್ವ ಪಾಕಿಸ್ತಾನ. ಅವತ್ತು ಪಾಕಿಸ್ತಾನದ ಸೈನ್ಯ ಢಾಕಾ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಿಗೆ ನುಗ್ಗಿತು. ಅಲ್ಲಿಂದ ಸುಮಾರು ಒಂಬತ್ತು ತಿಂಗಳು ಆ ಜನ ಏಟು ತಿಂದರು, ತಿರುಗಿಯೂ ಬಿದ್ದರು. ರೈತರ ಮಕ್ಕಳು, ಕಾಲೇಜು ಹುಡುಗರು, ಪಾಕಿಸ್ತಾನದ ಸೈನ್ಯ ಬಿಟ್ಟು ಬಂದ ಬಂಗಾಳಿ ಸಿಪಾಯಿಗಳು, ಎಲ್ಲ ಸೇರಿ ಮುಕ್ತಿಬಾಹಿನಿ ಆಯಿತು. ಸುಮಾರು ಒಂದು ಕೋಟಿ ಜನ ಗಡಿ ದಾಟಿ ನಮ್ಮ ಕಡೆ ಬಂದರು. ನಮ್ಮ ಸೈನ್ಯ ಒಳಗೆ ಹೋದಾಗ ದಾರಿ ತೋರಿಸಿದವರು ಅಲ್ಲಿನ ಜನರೇ. ಮೇಘನಾ ನದಿ ದಾಟುವಾಗ ಹೆಲಿಕಾಪ್ಟರ್‌ಗಳ ಜೊತೆ ಊರವರ ದೋಣಿಗಳೂ ಇದ್ದವು. ಈ ದೋಣಿಯವರಿಗೆ ಒಂದು ಪ್ಯಾರಾ ಕೊಡು.

ಜಾಗ ಇದ್ದರೆ 1952ರ ಫೆಬ್ರವರಿ 21ಕ್ಕೂ ಹೋಗು. ಬಂಗಾಳಿಗೂ ರಾಷ್ಟ್ರಭಾಷೆಯ ಸ್ಥಾನ ಬೇಕು ಅಂದ ವಿದ್ಯಾರ್ಥಿಗಳ ಮೇಲೆ ಢಾಕಾದಲ್ಲಿ ಪೊಲೀಸರು ಗುಂಡು ಹಾರಿಸಿದ ದಿನ ಅದು. ಮರುವರ್ಷವೇ ಇಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಕರ್ನಾಟಕ ಒಂದಾಗಲಿ ಅಂತ ಉಪವಾಸ ಕೂತರು, ಹುಬ್ಬಳ್ಳಿ ಕಾವೇರಿತು. ಈ ನೆಲದ ಓದುಗರಿಗೆ ಢಾಕಾದ ಸಿಟ್ಟನ್ನು ಬಿಡಿಸಿ ಹೇಳುವ ಕಷ್ಟ ನಿನಗಿಲ್ಲ.

'ನಮ್ಮೂರಿಗೂ ಬಾಂಗ್ಲಾಕ್ಕೂ ಏನು ಸಂಬಂಧ ಅಂತ ಎಲ್ಲರೂ ಕೇಳ್ತಾರೆ' ಎಂದು ಬರೆದಿದ್ದೀಯ. ನಮ್ಮ ಮನೆಯಲ್ಲಿ ಹಳೆ ಕಾಗದಗಳ ಕಟ್ಟೊಂದಿದೆ. ಅದರಲ್ಲಿ ನಮ್ಮ ಅತ್ತೆ 1972ರ ಜನವರಿಯಲ್ಲಿ ಗದಗಿನಿಂದ ಹಾಕಿದ ಲಕೋಟೆ ಇದೆ. ಗದಗಿನ ಅಂಚೆ ಮುದ್ರೆ ಅರ್ಧ ಅಳಿಸಿದೆ. ಮಾಮೂಲಿ ಸ್ಟ್ಯಾಂಪಿನ ಪಕ್ಕದಲ್ಲಿ ಐದು ಪೈಸೆಯ ಇನ್ನೊಂದು ಸ್ಟ್ಯಾಂಪು, ಸ್ವಲ್ಪ ಓರೆಯಾಗಿ ಅಂಟಿಸಿದ್ದು. ಅದು ನಿರಾಶ್ರಿತರ ಪರಿಹಾರಕ್ಕೆ. 1971ರ ನವೆಂಬರ್ 15ರಿಂದ ಇಡೀ ದೇಶದಲ್ಲಿ ಲಕೋಟೆ ಹಾಕುವವರು ಅದನ್ನು ಹಚ್ಚಲೇಬೇಕಿತ್ತು. ಒಳಗೆ ಅತ್ತೆ ಬರೆದಿದ್ದು ಸಂಡಿಗೆ ಹಾಕಿದ್ದು, ಮಗಳಿಗೆ ಗಂಡು ನೋಡಲು ಹೋಗಿದ್ದು, ಇಷ್ಟೇ. ಢಾಕಾ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ. ಆದರೆ ಒಂದು ಕೋಟಿ ಜನರ ಅನ್ನಕ್ಕೆ ಅವಳ ಐದು ಪೈಸೆಯೂ ಸೇರಿದೆ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಲಕೋಟೆ ಇರಬಹುದು, ಹುಡುಕು. ಸಿಕ್ಕರೆ ಲೇಖನ ಅಲ್ಲಿಂದಲೇ ಎತ್ತಿಕೊ.

ಇನ್ನು ಜಮಾಲ್‌ಪುರದ ಪತ್ರ. ಬಾಂಗ್ಲಾದೇಶದ ಆ ಊರಿನ ಕಾಳಗದಲ್ಲಿ ಓಡಾಡಿದ ಕಾಗದವನ್ನು ನೀನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ನಾನಾಗಿದ್ದರೆ ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತಿದ್ದೆ. ಅಲ್ಲಿ ಕಾದಾಡಿದ್ದು ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫಂಟ್ರಿಯ ಮೊದಲ ಬೆಟಾಲಿಯನ್. ನಮ್ಮ ಕಡೆಯ ಹುಡುಗರು ಭರ್ತಿಯಾಗುವ ರೆಜಿಮೆಂಟ್ ಅಲ್ವಾ ಅದು. ನಮ್ಮ ಬ್ರಿಗೇಡಿಯರ್ ಕ್ಲೇರ್ ಅವರು ಶರಣಾಗಿ ಅಂತ ಪಾಕಿಸ್ತಾನದ ಕರ್ನಲ್‌ಗೆ ಕಾಗದ ಕಳಿಸಿದರು. ಪೆನ್ನು ಬಿಟ್ಟು ಸ್ಟೆನ್‌ಗನ್ ಹಿಡಿದು ಬನ್ನಿ ಅನ್ನುವ ಉತ್ತರ ಬಂತು, ಕಾಗದದಲ್ಲಿ ಒಂದು ಗುಂಡು ಸುತ್ತಿಟ್ಟು. ಈ ಕಥೆ ಹೇಳುವವರೆಲ್ಲ ಆ ಉತ್ತರದ ಠೇಂಕಾರಕ್ಕೆ ಮರುಳಾಗುತ್ತಾರೆ. ನೀನೂ ಆಗಿದ್ದೀಯ. ಕಾಗದ ಒಯ್ದವನು ಯಾರು? ಮುಕ್ತಿಬಾಹಿನಿಯ ಒಬ್ಬ ಬಂಗಾಳಿ. ಸಿಕ್ಕಿಬಿದ್ದ ಮುಕ್ತಿಬಾಹಿನಿಯವರಿಗೆ ಪಾಕಿಸ್ತಾನದ ಸೈನ್ಯ ಏನು ಮಾಡುತ್ತಿತ್ತು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಭಾರತದ ಅಧಿಕಾರಿಯ ಕಾಗದ ಹಿಡಿದು ಹೋದ, ಉತ್ತರ ತಂದುಕೊಟ್ಟ. ಎರಡು ದೇಶಗಳ ಗೆಳೆತನ ತೋರಿಸಲು ಇವನಿಗಿಂತ ಒಳ್ಳೆಯ ಮನುಷ್ಯ ನಿನಗೆ ಸಿಗುವುದಿಲ್ಲ. ಗುಂಡಿನ ಮಾತು ಒಂದೇ ಸಾಲು ಸಾಕು. ಅವನು ಆ ಕಡೆ ನಡೆದು ಹೋದದ್ದನ್ನು ನಿಧಾನವಾಗಿ ಬರಿ.

ನೀನು ಅಳುಕುತ್ತಾ ಕೇಳಿದ್ದು ಇನ್ನೊಂದು. 2024ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶದಲ್ಲಿ ಹಸೀನಾ ಸರ್ಕಾರ ಬಿದ್ದ ಮೇಲೆ ಸಂಬಂಧ ಹಳಸಿದೆ, ಈಗ ಗೆಳೆತನ ಅಂತ ಬರೆದರೆ ಜನ ಏನಂತಾರೆ ಅಂತ. ಬರಿ. ಹಳಸಿದೆ ಅನ್ನೋದನ್ನೂ ಮುಚ್ಚಿಡದೆ ಬರಿ. ಆದರೆ 'ನಾವು ಬಿಡಿಸಿದ ದೇಶ, ಈಗ ನಮಗೇ ತಿರುಗಿಬಿತ್ತು' ಅನ್ನುವ ನಿನ್ನ ಕೊನೆಯ ಸಾಲನ್ನು ದಯವಿಟ್ಟು ಹೊಡೆದು ಹಾಕು. ಗೆಳೆತನವನ್ನು ಸಾಲದ ಪತ್ರದ ಹಾಗೆ ತೋರಿಸಬಾರದು. ಅವರು ತಮ್ಮ ಮನೆಗಾಗಿ ಸತ್ತರು, ನಮ್ಮವರು ಅವರ ಜೊತೆ ನಿಂತು ಸತ್ತರು. ಎರಡಕ್ಕೂ ಇಂದಿನ ರಾಜಕಾರಣದಿಂದ ಕುಂದಿಲ್ಲ. ಪ್ರತಿ ಡಿಸೆಂಬರ್‌ನಲ್ಲಿ ಅಲ್ಲಿನ ಮುಕ್ತಿಯೋಧರು ಕೋಲ್ಕತ್ತಕ್ಕೆ, ನಮ್ಮ ನಿವೃತ್ತ ಸೈನಿಕರು ಢಾಕಾಕ್ಕೆ ಹೋಗುವ ಪದ್ಧತಿ ಇದೆ. ಅಷ್ಟೆಲ್ಲ ಗದ್ದಲದ 2024ರಲ್ಲೂ ಅದು ನಿಲ್ಲಲಿಲ್ಲ. ಆ ಮುದುಕರನ್ನು ನೆನೆದು ಬರಿ.

ನಿಮ್ಮ ಪಕ್ಕದೂರಿನಲ್ಲಿ 71ರ ಸೈನಿಕರೊಬ್ಬರು ಇದ್ದಾರೆ ಅಂದಿದ್ದೆ. ಈ ವಾರವೇ ಹೋಗು, ಅವರಿಗೆ ವಯಸ್ಸಾಗಿದೆ. ಪೂರ್ವಿ ಸ್ಟಾರ್ ಪದಕ ಇದ್ದರೆ ಅವರು ಪೂರ್ವ ಗಡಿಯಲ್ಲೇ ಇದ್ದವರು. ಎಷ್ಟು ಜನರನ್ನು ಹೊಡೆದಿರಿ ಅಂತ ಕೇಳಬೇಡ. ಯಾರ ಮನೆಯಲ್ಲಿ ಉಂಡಿರಿ, ಊಟಕ್ಕೆ ಏನಿತ್ತು, ಅವರ ಭಾಷೆ ಹೇಗೆ ತಿಳಿಯಿತು ಅಂತ ಕೇಳು. ಮನೆಯಲ್ಲಿ ಅಜ್ಜಿ ಇದ್ದರೆ ಅವರ ಜೊತೆಗೂ ಕೂತು ಮಾತಾಡು. ಆ ಡಿಸೆಂಬರ್ ಪೂರ್ತಿ ಕಾಗದಕ್ಕಾಗಿ ಕಾದವರು ಅವರು.

ತಿದ್ದಿದ ಪ್ರತಿ ಹತ್ತನೇ ತಾರೀಖಿನ ಒಳಗೆ ಕಳಿಸು. ಸಂಪಾದಕರ ಜೊತೆ ನಾನು ಮಾತಾಡುತ್ತೇನೆ, ಪದಮಿತಿ ಸ್ವಲ್ಪ ಹೆಚ್ಚಾದರೂ ನಡೆಯುತ್ತದೆ.

ಇಂತಿ,
ನಿನ್ನ ಅಣ್ಣ