ಊರಿಗೆ ಹೊರಡುವ ಮೊದಲು, ನಿನ್ನ ಮೀಟಿಂಗ್ ವಿಚಾರ

ಪ್ರೀತಿಯ ಮಗಳಿಗೆ, ಅವ್ವನ ಆಶೀರ್ವಾದಗಳು.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಹತ್ತಿರವಾಯಿತೆಂದೂ, ಊರು ಸೇರಿದ ಮೇಲೆ ವಾರವಾರ ಹೋಗಿ ಕುಳಿತುಕೊಳ್ಳಬಹುದಾದ ಕುಡಿತ ಬಿಟ್ಟವರ ಒಂದು ಗುಂಪನ್ನು ಮೊದಲೇ ಗೊತ್ತುಮಾಡಿಕೊಳ್ಳಲು ವೈದ್ಯರು ಹೇಳಿದ್ದಾರೆಂದೂ ನೀನು ತಿಳಿಸಿದಂದಿನಿಂದ ನಾನು ಅದನ್ನೇ ವಿಚಾರಿಸುತ್ತಿದ್ದೇನೆ. ನೀನು ನಿಧಾನವಾಗಿ ಓದಿ ಯೋಚಿಸಲಿ ಎಂದು ತಿಳಿದದ್ದನ್ನೆಲ್ಲ ಬರೆದು ಕಳಿಸುತ್ತಿದ್ದೇನೆ.

ನಮ್ಮ ಕಡೆ ಕುಡಿತ ಬಿಟ್ಟವರು ಸೇರುವ ಗುಂಪುಗಳಲ್ಲಿ ಎರಡು ಬಗೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ 8 ದಿನಗಳ ಮದ್ಯವರ್ಜನ ಶಿಬಿರ ಮುಗಿಸಿದವರು ತಮ್ಮ ಊರಿನಲ್ಲಿ ನವಜೀವನ ಸಮಿತಿ ಮಾಡಿಕೊಂಡು ಆಗಾಗ ಸೇರುತ್ತಾರೆ. ಆ ಕೆಲಸದ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಅವು ಶಿಬಿರದ ಬಳಗವನ್ನು ನೆಚ್ಚಿಕೊಂಡು ಬೆಳೆದವು, ಹೆಚ್ಚಿನವರು ಗಂಡಸರು. ನಿನಗೆ ಇನ್ನೊಂದು ಬಗೆಯೇ ಹೊಂದುತ್ತದೆಂದು ನನ್ನ ಅನಿಸಿಕೆ. ಅದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎ.ಎ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಷೇರುಪೇಟೆಯ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡಿತದಿಂದ ಬಳಲಿದವರು ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಂಡು ಬಿಡುವ ದಾರಿ ಕಂಡುಕೊಂಡರು. ಅದು 1957ರಲ್ಲಿ ಮುಂಬಯಿಯ ಮೂಲಕ ನಮ್ಮ ದೇಶಕ್ಕೆ ಬಂತು. ಸೇರಲು ಫೀಸಿಲ್ಲ, ಅರ್ಜಿಯಿಲ್ಲ. ಕುಡಿತ ಬಿಡಬೇಕೆಂಬ ಮನಸ್ಸೊಂದಿದ್ದರೆ ಸಾಕು.

ಇವರ ಮೀಟಿಂಗ್‌ಗಳಲ್ಲಿ ಕೆಲವು ಕುಡಿತದ ತೊಂದರೆ ಇರುವವರಿಗೆ ಮಾತ್ರ, ಕೆಲವಕ್ಕೆ ಮನೆಯವರೂ ಹೋಗಬಹುದು. ಅಂಥ ಒಂದಕ್ಕೆ ನಾನು ಹೋಗಿ ಕುಳಿತು ಬಂದೆ. ಯಾವ ಊರು, ಯಾರಿದ್ದರು, ಏನು ಹೇಳಿದರು ಎಂಬುದನ್ನು ನಿನಗೂ ಬರೆಯುವುದಿಲ್ಲ, ಅಲ್ಲಿಯ ಮೊದಲ ಕಟ್ಟಳೆಯೇ ಅದು. ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುತ್ತೇನೆ: ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳನ್ನು ಬಂದವರೇ ಬಿಡಿಸಿ ಹಾಕಿದರು, ಬೆಲ್ಲದ ಕರಿಕಾಫಿ ಕೊಟ್ಟರು, ಒಬ್ಬರು ಮಾತನಾಡುವಾಗ ಬೇರೆ ಯಾರೂ ನಡುವೆ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ಕೊನೆಗೆ ಬಟ್ಟೆಯ ಚೀಲವೊಂದು ಕೈಯಿಂದ ಕೈಗೆ ಬಂತು. ನಾನು ನೂರರ ನೋಟು ಹಾಕಲು ಹೋದರೆ ಪಕ್ಕದವರು ನಗುತ್ತಲೇ ತಡೆದು, ಸದಸ್ಯರಲ್ಲದವರ ಹಣವನ್ನು ತೆಗೆದುಕೊಳ್ಳುವುದಿಲ್ಲವೆಂದರು. ಹೊರಗಿನ ಯಾರ ಹಂಗಿಗೂ ಬೀಳಬಾರದೆಂದು ಇವರು ಹಾಗೆಯೇ ನಡೆಸಿಕೊಂಡು ಬಂದಿದ್ದಾರಂತೆ. ಆ ಒಂದು ನಡತೆಯಿಂದ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು.

ನಿನ್ನ ಅಳುಕು ನನಗೆ ಗೊತ್ತು. ಕೊಡಗಿನಲ್ಲಿ ಮನೆಹೆಸರು ಹೇಳಿದರೆ ಸಾಕು, ನಾಲ್ಕು ತಲೆಮಾರು ಬಿಚ್ಚಿಡುವವರಿದ್ದಾರೆ. ಗಂಡಸು ಕುಡಿದು ಬಿಟ್ಟರೆ ಹೊಗಳುವ ಬಾಯಿ ಹೆಣ್ಣುಮಗಳು ಕುಡಿಯುತ್ತಿದ್ದಳೆಂಬುದನ್ನೇ ಆಡಿಕೊಳ್ಳುತ್ತದೆ. ಆದರೂ ಅಲ್ಲಿಗೆ ಬರುವವರೆಲ್ಲರೂ ನಿನ್ನಷ್ಟೇ ಗುಟ್ಟು ಕಾಯಬೇಕಾದವರು. ಅದೂ ಕಷ್ಟವೆನಿಸಿದರೆ ಪಕ್ಕದ ತಾಲ್ಲೂಕಿನ ಗುಂಪಿಗೆ ಹೋಗು, ಇಲ್ಲವೇ ತಿಂಗಳಿಗೊಮ್ಮೆ ಮೈಸೂರಿಗೆ. ಹೆಂಗಸರಿಗೇ ಮೀಸಲಾದ ಮೀಟಿಂಗ್‌ಗಳು ಆನ್‌ಲೈನ್‌ನಲ್ಲಿಯೂ ನಡೆಯುತ್ತವೆ. ಅದನ್ನೊಂದನ್ನೇ ನಂಬಿ ಕೂರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಆಚೆ ತುದಿಯಲ್ಲಿ, ಕೊಡೆ ಹಿಡಿದು ನಿಂತರೆ; ಮನಸ್ಸು ಅಲುಗುವುದೂ ಅಂಥ ಸಂಜೆಗಳಲ್ಲಿಯೇ. ಆದ್ದರಿಂದ ಹೋಗಿ ಬರುವಂಥ ಒಂದು ಜಾಗ ಇರಲೇಬೇಕು. ಮೊದಲ ದಿನ ಹಿಡಿಸದಿದ್ದರೆ ಬಿಡಬೇಡ, ಒಂದು ಗುಂಪಿನಂತೆ ಇನ್ನೊಂದು ಇರುವುದಿಲ್ಲ. ಮೀಟಿಂಗ್ ಎಷ್ಟು ಹೊತ್ತಿಗೆ ಮುಗಿಯುತ್ತದೆಂದೂ, ಆಮೇಲೆ ಬಸ್ಸಿದೆಯೇ ಎಂದೂ ಕೇಳಿಟ್ಟುಕೊಳ್ಳಬೇಕು. ಬಸ್ಸಿಲ್ಲದಿದ್ದರೆ ಅಪ್ಪ ಜೀಪು ತರುತ್ತಾರೆ.

ಮನೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಉಗ್ರಾಣದಲ್ಲಿದ್ದ ಬಾಟಲಿಗಳನ್ನೂ ನಾನು ಮಾಡಿಟ್ಟಿದ್ದ ದ್ರಾಕ್ಷಿ ವೈನನ್ನೂ ತೆಗೆಸಿದ್ದೇನೆ, ಮನೆಯ ವೈನು ಲೆಕ್ಕಕ್ಕಿಲ್ಲವೆಂಬ ಮಾತು ಇನ್ನು ಈ ಮನೆಯಲ್ಲಿಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಮನೆತನದ ಹಿರಿಮನೆಯಾದ ಐನ್‌ಮನೆಯಲ್ಲಿ ನಮ್ಮ ಹಿರಿಯರಾದ ಗುರುಕಾರಣರಿಗೆ ಮೀದಿಯ ಎಡೆ ಇಡುವಾಗ ಪಕ್ಕದಲ್ಲಿ ಮದ್ಯ ಇರುತ್ತದೆ, ಅದನ್ನು ತಪ್ಪಿಸಲು ನನ್ನಿಂದಾಗದು. ಆ ದಿನ ನೀನು ಬರಲೇಬೇಕೆಂದಿಲ್ಲ. ಬಂದರೆ ಮೀದಿ ಮುಗಿದೊಡನೆ ನಾವಿಬ್ಬರೂ ಹೊರಟುಬಿಡೋಣ, ಕೇಳಿದವರಿಗೆ ಉತ್ತರ ನಾನು ಹೇಳುತ್ತೇನೆ.

ಮೀಟಿಂಗ್‌ಗೆ ಹೋಗುತ್ತಿದ್ದೇನೆಂದು ಡಾಕ್ಟರ ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ. ರಾತ್ರಿ ಹೊತ್ತು ತಡೆಯಲಾರದಂತಾದರೆ ನನ್ನನ್ನು ಎಬ್ಬಿಸು. ನನ್ನ ಬಳಿ ಹೇಳಲಾಗದ್ದಾದರೆ ಮನಸ್ಸಿನ ಕಷ್ಟ ಕೇಳುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು, ದುಡ್ಡಿಲ್ಲ, ಇಡೀ ದಿನ ಕನ್ನಡದಲ್ಲಿಯೇ ಮಾತನಾಡುತ್ತಾರೆ. ವ್ಯಸನ ಬಿಡುವವರಿಗೆಂದೇ ಸರ್ಕಾರದ 14446 ಕೂಡ ಇದೆ. ಕುಡಿತದಿಂದ ನೊಂದ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆ, ಬಿಲ್ ವಿಲ್ಸನ್‌ರ ಹೆಂಡತಿ ಲೋಯಿಸ್ 1951ರಲ್ಲಿ ಕಟ್ಟಲು ನೆರವಾದದ್ದು; ಅದಕ್ಕೆ ನಾನು ಸೇರಬೇಕೆಂದಿದ್ದೇನೆ.

ಬೆಂಗಳೂರಿನಲ್ಲಿರುವಾಗಲೇ ಅಲ್ಲಿಯ ಒಂದು ಮೀಟಿಂಗ್‌ಗೆ ಹೋಗಿ ಬಾ, ಕೊಡಗಿನ ಕಡೆಯ ಗುಂಪುಗಳ ಈಗಿನ ವಾರ, ಹೊತ್ತುಗಳನ್ನು ಅವರೇ ವಿಚಾರಿಸಿ ಹೇಳುತ್ತಾರೆ. ನಾನು ನೋಡಿ ಬಂದ ಗುಂಪು ಸೇರುವುದು ಭಾನುವಾರ ಸಂಜೆ. ಶನಿವಾರದೊಳಗೆ ನೀನು ಊರು ಮುಟ್ಟುವಂತಿದ್ದರೆ ಮರುದಿನವೇ ಹೋಗಬಹುದು. ಒಳಗೆ ಒಬ್ಬಳೇ ಹೋಗುತ್ತೀಯೋ, ಬಾಗಿಲ ತನಕ ನಾನು ಬರಲೋ, ಅದನ್ನು ತಿಳಿಸು.

ನಿನ್ನ ಪ್ರೀತಿಯ
ಅವ್ವ