ಹಾಂಗ್‌ಕಾಂಗ್‌ನಲ್ಲಿ ಮದುವೆ ಖರೀದಿ: ಡಿಸ್ಕೌಂಟ್ ಒಂದೇ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ವಿದೇಶದಲ್ಲಿ ಮದುವೆ ಖರೀದಿ ಮಾಡುವ ಬಗ್ಗೆ ಬಂದ ಲೇಖನ ಓದಿದೆ. ಹಾಂಗ್‌ಕಾಂಗ್‌ಗೆ ಹೋಗಿ ಉಂಗುರ, ಚೀನೀ ಮದುವೆಯ ಕೆಂಪು ಉಡುಗೆ ಎರಡನ್ನೂ ಮೂರೇ ದಿನದಲ್ಲಿ ಅಗ್ಗವಾಗಿ ಕೊಂಡು ತರಬಹುದು ಅಂತ ಅದರಲ್ಲಿತ್ತು. ಹೊರಡುವಾಗ ಏರ್‌ಪೋರ್ಟಿನಲ್ಲಿ ತೆರಿಗೆ ಹಣವೂ ವಾಪಸ್ ಸಿಗುತ್ತದಂತೆ. ಜೊತೆಗೆ ಕೊಟ್ಟ ಚಿತ್ರದಲ್ಲಿ ಮೈಗಂಟಿದ ಚಿಯೊಂಗ್‌ಸಾಮ್ ತೊಟ್ಟ ಹುಡುಗಿ ಇದ್ದಾಳೆ. ಅಡಿಬರಹ ಮಾತ್ರ ‘ಸಾಂಪ್ರದಾಯಿಕ ಚೀನೀ ಮದುವೆ ಗೌನ್’ ಅನ್ನುತ್ತದೆ.

ನನ್ನ ಮಗಳು ಮದುವೆಯಾಗಿದ್ದು ಹಾಂಗ್‌ಕಾಂಗ್‌ನ ಹುಡುಗನನ್ನು. ಅಲ್ಲಿಯ ಖರೀದಿಗೆ ಬೀಗಿತ್ತಿಯ ಜೊತೆ ಅಂಗಡಿ ಅಂಗಡಿ ಅಲೆದವಳು ನಾನು. ಮೇಲಾಗಿ ಹೊಲಿಗೆ ಮಾಡಿಯೇ ಸಂಸಾರ ನಡೆಸಿದವಳು. ಜರಿ ಕೆಲಸ ಕಂಡರೆ ಬೆರಳು ಸುಮ್ನೆ ಇರೋದಿಲ್ಲ, ಮುಟ್ಟಿ ತಿರುಗಿಸಿ ನೋಡಲೇಬೇಕು. ಹಾಗಾಗಿ ಈ ಲೇಖನ ನಂಬಿಕೊಂಡು ಯಾರಾದರೂ ಟಿಕೆಟ್ ಮಾಡಿಸುವ ಮೊದಲು ನಾಲ್ಕು ಮಾತು ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ತೆರಿಗೆ ವಿಷಯ ಮೊದಲು ಮುಗಿಸುತ್ತೇನೆ. ಹಾಂಗ್‌ಕಾಂಗ್‌ನಲ್ಲಿ ನಮ್ಮ ಜಿಎಸ್‌ಟಿಯಂಥ ಮಾರಾಟ ತೆರಿಗೆಯೇ ಇಲ್ಲ. ಕಟ್ಟದ ತೆರಿಗೆಯನ್ನು ವಾಪಸ್ ಕೊಡೋರು ಯಾರು? ಬಹುಶಃ ಲೇಖಕರು ಸಿಂಗಪುರದ ವ್ಯವಸ್ಥೆಯನ್ನು ಹಾಂಗ್‌ಕಾಂಗ್‌ಗೆ ಸೇರಿಸಿಬಿಟ್ಟಿದ್ದಾರೆ.

ಇನ್ನು ಉಡುಗೆ. ಚಿಯೊಂಗ್‌ಸಾಮ್ ಒಂದೇ ತುಂಡಿನ ಉಡುಪು. ಅದನ್ನು ಮದುವೆಯ ಊಟದ ಹೊತ್ತಿಗೆ ತೊಡೋರೂ ಇದ್ದಾರೆ, ತಪ್ಪೇನಿಲ್ಲ. ಆದರೆ ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಮನೆಗಳಲ್ಲಿ ಮದುಮಗಳು ಹಿರಿಯರಿಗೆ ಚಹಾ ಕೊಡುವಾಗ ತೊಡುವುದು ‘ಕ್ವಾ’. ಅದು ಎರಡು ಭಾಗದ್ದು. ಮೇಲೆ ಮುಂದೆ ಗುಂಡಿ ಹಾಕುವ ಅಂಗಿ, ಕೆಳಗೆ ನೇರವಾದ ಲಂಗ. ಹಿಂದಿನ ಕಾಲದಲ್ಲಿ ಅಂಗಿ ಕಪ್ಪು, ಲಂಗ ಕೆಂಪು ಇರುತ್ತಿತ್ತು. ಈಗ ಎರಡೂ ಕೆಂಪು. ಮೈತುಂಬ ಚಿನ್ನದ, ಬೆಳ್ಳಿಯ ಬಣ್ಣದ ಜರಿಯಲ್ಲಿ ಡ್ರ್ಯಾಗನ್ನು ಮತ್ತು ಫೀನಿಕ್ಸ್ ಹಕ್ಕಿ. ಮೂರನೆಯದು ಶಿಯುಹೆ ಅಂತ ಒಂದಿದೆ. ಅಗಲ ತೋಳು, ನೆರಿಗೆ ಲಂಗ, ಬಣ್ಣಬಣ್ಣದ ರೇಷ್ಮೆ ದಾರದ ಕಸೂತಿ. ಇದು ಮೇನ್‌ಲ್ಯಾಂಡ್ ಚೀನಾದಲ್ಲಿ ಟಿವಿ ಧಾರಾವಾಹಿಯೊಂದರ ನಂತರ ಜನಪ್ರಿಯವಾದದ್ದು, ಈಗ ಹಾಂಗ್‌ಕಾಂಗ್ ಅಂಗಡಿಗಳಲ್ಲೂ ಸಿಗುತ್ತದೆ. ತೊಡಲು ಹಗುರ, ಫೋಟೋದಲ್ಲಿ ಚೆಂದ. ಮಗಳಿಗೆ ಅದೇ ಇಷ್ಟವಾಗಿತ್ತು. ಬೀಗಿತ್ತಿ ಬೇಡ ಅನ್ನಲಿಲ್ಲ. ಅದನ್ನು ಮಡಚಿ ಪಕ್ಕಕ್ಕಿಟ್ಟು, ಕ್ವಾ ತೋರಿಸಿ ಅಂತ ಅಂಗಡಿಯವಳಿಗೆ ಹೇಳಿದರು, ಅಷ್ಟೇ. ನಮ್ಮಲ್ಲಿ ಧಾರೆ ಸೀರೆ ಆರಿಸುವಾಗ ಅತ್ತೆ ಇದ್ದ ಹಾಗೆ ಅಂದುಕೊಂಡು ನಾನೂ ಸುಮ್ಮನಾದೆ.

ಕೌಲೂನ್ ಕಡೆಯ ಶಾಂಘೈ ಸ್ಟ್ರೀಟ್ ಕ್ವಾಗೆ ಹೆಸರಾದ ಬೀದಿ. ಜೋರ್ಡನ್, ಯೌ ಮಾ ತೇಯ್ ಮೆಟ್ರೋ ಸ್ಟೇಷನ್ನುಗಳಿಂದ ನಡೆದು ಹೋಗಬಹುದು. ಅದೇ ಬೀದಿಯಲ್ಲಿ ಅಡುಗೆ ಪಾತ್ರೆಯ ಅಂಗಡಿಗಳೂ ಇವೆ. ಕಬ್ಬಿಣದ ಬಾಣಲೆ, ದಪ್ಪ ಮರದ ಹಲಗೆ, ಕತ್ತಿ ಎಲ್ಲ ಫುಟ್‌ಪಾತಿನವರೆಗೂ ಹರಡಿಕೊಂಡಿರುತ್ತವೆ. ಅದನ್ನು ದಾಟಿದರೆ ಗಾಜಿನ ಹಿಂದೆ ಕೆಂಪು ಕ್ವಾ. ನಿಮ್ಮ ಲೇಖನ ಹೇಳುವ ಹೊಳೆಯುವ ಮಾಲ್‌ಗಳಲ್ಲಿ ಇಂಥ ಅಂಗಡಿ ನನಗಂತೂ ಕಾಣಲಿಲ್ಲ. ಮದುವೆ ಕಾರ್ಡು ಮಾಡಿಸಲು ವಾನ್ ಚಾಯ್‌ನ ಲೀ ಟಂಗ್ ಸ್ಟ್ರೀಟಿಗೆ ಹೋಗಿ ಅಂತಲೂ ಬರೆದಿದ್ದಾರಲ್ಲ, ಆ ಹಳೆಯ ಮುದ್ರಣದ ಅಂಗಡಿಗಳನ್ನು ಕೆಡವಿ ಎಷ್ಟೋ ಕಾಲವಾಯಿತು. ಈಗ ಅಲ್ಲಿರುವುದು ಹೊಸ ಕಟ್ಟಡಗಳು, ಕಾಫಿ ಅಂಗಡಿಗಳು.

ಕ್ವಾದ ಬೆಲೆ ಗೊತ್ತಾಗುವುದು ಕಸೂತಿ ಎಷ್ಟು ಒತ್ತಾಗಿದೆ ಅನ್ನುವುದರ ಮೇಲೆ. ಕಡಿಮೆ ಕಸೂತಿಯದ್ದು ‘ಸಣ್ಣ ಐದು ಭಾಗ್ಯ’. ಅಲ್ಲಿಂದ ಮಧ್ಯಮ, ದೊಡ್ಡದು ಅಂತ ಏರುತ್ತಾ ‘ಕ್ವಾ ರಾಣಿ’, ಕೊನೆಗೆ ‘ಕ್ವಾ ರಾಜ’. ರಾಜನಲ್ಲಿ ಕೆಂಪು ಬಟ್ಟೆ ಕಾಣುವುದೇ ಕಷ್ಟ, ಬರೀ ಜರಿ. ಡ್ರ್ಯಾಗನ್ನು, ಫೀನಿಕ್ಸ್ ಜೊತೆ ಬಾವಲಿಗಳೂ ಇರುತ್ತವೆ. ನಮ್ಮವರು ಕಂಡರೆ ಮುಖ ಸಿಂಡರಿಸಬಹುದು, ಅವರಿಗೆ ಅದು ಅದೃಷ್ಟ.

ನನಗೆ ತಡೆಯಲಾಗಲಿಲ್ಲ, ಒಂದು ಅಂಗಿಯ ಅಂಚು ತಿರುಗಿಸಿ ನೋಡಲೇ ಅಂತ ಕೇಳಿದೆ. ಅಂಗಡಿಯಲ್ಲಿದ್ದ ವಯಸ್ಸಾದ ಹೆಂಗಸು ನನ್ನ ಕೈ ನೋಡಿದರು. ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಜಾಗ ಇದೆಯಲ್ಲ, ಅದನ್ನು ಮುಟ್ಟಿ ನಕ್ಕರು. ತಮ್ಮ ಬೆರಳನ್ನೂ ತೋರಿಸಿದರು. ಆಮೇಲೆ ದೀಪದ ಕೆಳಗೆ ಎರಡು ಅಂಗಿ ಹಾಸಿದರು. ಜರಿ ಎಳೆಯನ್ನು ಬಟ್ಟೆಯೊಳಗೆ ತೂರಿಸಿ ಎಳೆಯುವುದಿಲ್ಲ. ಮೇಲೆ ಜೋಡಿಯಾಗಿ ಮಲಗಿಸಿ, ಸಣ್ಣ ದಾರದಿಂದ ಅಲ್ಲಲ್ಲಿ ಹಿಡಿದು ಕಟ್ಟುತ್ತಾರೆ. ಡ್ರ್ಯಾಗನ್ನಿನ ಮೈ ಉಬ್ಬಿ ಕಾಣಲು ಅಡಿಯಲ್ಲಿ ಹತ್ತಿ ತುಂಬುತ್ತಾರೆ. ಕೈ ಕೆಲಸದ್ದರಲ್ಲಿ ಆ ಕಟ್ಟುವ ಹೊಲಿಗೆ ಒಂದಕ್ಕೊಂದು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇರುತ್ತದೆ, ಡ್ರ್ಯಾಗನ್ನಿನ ಹುರುಪೆ ತಿರುಗುವ ಕಡೆ ಒತ್ತಾಗುತ್ತದೆ. ಮಿಷನ್ನಿನದು ಎಲ್ಲಾ ಕಡೆ ಒಂದೇ ಸಮ. ಬೆರಳಾಡಿಸಿದರೆ ಚಪ್ಪಟೆ. ಅಂಚಿನ ಹತ್ತಿರ ಲೈನಿಂಗ್ ಸ್ವಲ್ಪ ಎತ್ತಿದರೆ ಹಿಂಬದಿ ಇನ್ನೂ ಚೆನ್ನಾಗಿ ಕಥೆ ಹೇಳುತ್ತದೆ. ಎರಡನ್ನೂ ದೂರದಿಂದ ನೋಡಿದರೆ ಒಂದೇ, ಬೆಲೆ ಮಾತ್ರ ಬೇರೆ ಬೇರೆ. ಮಿಷನ್ನಿನದು ಕೊಂಡರೆ ತಪ್ಪು ಅಂತಲ್ಲ. ಮಿಷನ್ನಿನದಕ್ಕೆ ಕೈ ಕೆಲಸದ ದುಡ್ಡು ಕೊಡಬೇಡಿ ಅಷ್ಟೇ.

ಕೊಳ್ಳಲೇಬೇಕೆಂದಿಲ್ಲ ಅನ್ನುವುದನ್ನು ನಿಮ್ಮ ಲೇಖನ ಹೇಳಲೇ ಇಲ್ಲ. ಹಾಂಗ್‌ಕಾಂಗ್‌ನಲ್ಲಿ ತುಂಬಾ ಜನ ಕ್ವಾ ಬಾಡಿಗೆಗೆ ತರುತ್ತಾರೆ. ಅದರಲ್ಲಿ ಯಾರಿಗೂ ಮುಜುಗರ ಇಲ್ಲ. ಯಾರೂ ತೊಡದ ಹೊಸದನ್ನು ಮೊದಲ ಸಲ ಬಾಡಿಗೆಗೆ ಪಡೆದರೆ ದರ ಜಾಸ್ತಿ. ಕೈಯಲ್ಲಿ ಒತ್ತಾಗಿ ಕಸೂತಿ ಮಾಡಿಸಿ ಹೊಸದು ಹೊಲಿಸಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು, ಭಾರೀ ಕೆಲಸದ್ದಾದರೆ ವರ್ಷವೇ ಹಿಡಿಯಬಹುದು. ಬಾಡಿಗೆಯದಕ್ಕೂ ಪಂಚಾಂಗದ ಒಳ್ಳೆ ದಿನಗಳಿಗೆ ಮೊದಲೇ ಬುಕ್ ಆಗಿಬಿಟ್ಟಿರುತ್ತದೆ. ಹೌದು, ಅವರಿಗೂ ಪಂಚಾಂಗ ಇದೆ, ಮುಹೂರ್ತ ಇದೆ, ಛತ್ರಕ್ಕೆ ನಮ್ಮ ಹಾಗೇ ಓಡಾಟವೂ ಇದೆ. ಮೂರು ದಿನದ ಲೆಕ್ಕ ಇಲ್ಲೇ ತಪ್ಪುತ್ತದೆ.

ಟ್ರಯಲ್ ನೋಡುವಾಗ ಕನ್ನಡಿ ಮುಂದೆ ನಿಂತು ಬಂದರೆ ಸಾಲದು. ಮಗಳಿಗೆ ನಾನು ಮಂಡಿಯೂರಿ ಕೂತು ಏಳು ಅಂದೆ. ಅಂಗಡಿಯಲ್ಲೇನಮ್ಮಾ ಅಂತ ಅವಳಿಗೆ ಸಿಟ್ಟು. ಆದರೆ ಚಹಾ ಕೊಡುವಾಗ ಹಿರಿಯರ ಮುಂದೆ ಮಂಡಿಯೂರಬೇಕು, ಲಂಗ ನೇರವಾದದ್ದು, ಕಸೂತಿಯಿಂದ ಗಡುಸು. ಮೊದಲು ತೊಟ್ಟದ್ದರಲ್ಲಿ ಅವಳಿಗೆ ಏಳಲು ಇಬ್ಬರ ಕೈ ಬೇಕಾಯಿತು. ಅಳತೆ ಬದಲಿಸಿದೆವು. ಕ್ವಾ ಸೊಂಟಕ್ಕೆ ಬಿಗಿಯಾಗಿ ಕೂರುವ ಉಡುಪಲ್ಲ, ಬಿಗಿ ಮಾಡಿಸಲೂ ಹೋಗಬೇಡಿ, ಡ್ರ್ಯಾಗನ್ನು ಸುಕ್ಕಾಗುತ್ತದೆ. ಒಳಗೆ ತೆಳು ಹತ್ತಿಯ ಅಂಗಿ ಇರಲಿ. ಬೆವರು, ಸೆಂಟು ಎರಡೂ ಜರಿಯನ್ನು ಕಪ್ಪು ಮಾಡುತ್ತವೆ. ಇನ್ನೊಂದು, ಕ್ವಾಗೆ ಜೇಬು ಇರುವುದಿಲ್ಲ. ಮದುಮಗಳು ತವರಿನ ಐಶ್ವರ್ಯವನ್ನು ಜೇಬಿಗೆ ಹಾಕಿಕೊಂಡು ಹೋಗಬಾರದು ಅನ್ನೋ ನಂಬಿಕೆಯಂತೆ. ಹಾಗಾಗಿ ಚಹಾ ಕೊಟ್ಟಾಗ ಸಿಗುವ ಉಡುಗೊರೆ ಹಣದ ಕೆಂಪು ಲಕೋಟೆಗಳನ್ನೆಲ್ಲ ಹಿಡಿದುಕೊಳ್ಳಲು ಚೀಲ ಹಾಕಿಕೊಂಡ ಗೆಳತಿಯೊಬ್ಬಳು ಪಕ್ಕದಲ್ಲೇ ಇರಬೇಕು. ಗಂಡಿನ ಉಡುಪು ಉದ್ದ ನಿಲುವಂಗಿ, ಅದರ ಮೇಲೊಂದು ಗಿಡ್ಡ ಕೋಟು. ಅದನ್ನು ಆರಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ, ಗಂಡಸರ ಪಾಡು ಎಲ್ಲಾ ದೇಶದಲ್ಲೂ ಸುಲಭ ನೋಡಿ.

ಚಿನ್ನಕ್ಕೆ ಬರುತ್ತೇನೆ. ಲೇಖನದಲ್ಲಿ ಉಂಗುರ, ಒಡವೆ ಎಲ್ಲವನ್ನೂ ಒಂದೇ ಗಂಟು ಕಟ್ಟಿದ್ದಾರೆ. ಅಲ್ಲಿ ಅವು ಬೇರೆ ಬೇರೆ ಲೆಕ್ಕ. ಹಿರಿಯರು ಮದುಮಗಳಿಗೆ ಹಾಕುವುದು ಹಳದಿ ಅಪರಂಜಿ: ಡ್ರ್ಯಾಗನ್ನು, ಫೀನಿಕ್ಸ್ ಕೆತ್ತಿದ ಜೋಡಿ ಬಳೆ, ಮಕ್ಕಳಾಗಲಿ ಅಂತ ತಾಯಿ ಹಂದಿ, ಮರಿ ಹಂದಿಗಳ ಪದಕ. ಅಲ್ಲಿ ‘ಚುಕ್ ಕಾಮ್’ ಅಂತ ಮಾರಬೇಕಾದರೆ ಸಾವಿರಕ್ಕೆ ಕನಿಷ್ಠ 990 ಭಾಗ ಚಿನ್ನ ಇರಬೇಕು ಅಂತ ಕಾನೂನೇ ಇದೆ. ದರವನ್ನು ಟೇಲ್ ಲೆಕ್ಕದಲ್ಲಿ ಬೋರ್ಡಿಗೆ ಹಾಕಿರುತ್ತಾರೆ. ಒಂದು ಟೇಲ್ ಅಂದರೆ 37.429 ಗ್ರಾಂ, ನಮ್ಮ ತೊಲದ ಮೂರು ಪಟ್ಟಿಗಿಂತ ಜಾಸ್ತಿ. ಅದರ ಹತ್ತನೇ ಒಂದು ಭಾಗಕ್ಕೆ ‘ಚಿನ್’ ಅನ್ನುತ್ತಾರೆ. ಬೋರ್ಡಿನಲ್ಲಿ ಅವರು ಮಾರುವ ದರದ ಜೊತೆ ವಾಪಸ್ ಕೊಳ್ಳುವ ದರವೂ ಇರುತ್ತದೆ. ಕಣ್ಣು ಮೊದಲು ಆ ಎರಡರ ನಡುವಿನ ಅಂತರದ ಮೇಲಿರಲಿ. ಮಜೂರಿ ಬೇರೆ.

ಈಗ ಹೊಸದೊಂದು ಶುರುವಾಗಿದೆ. ತೂಕ ಹೇಳದೆ ಒಡವೆಗೆ ಒಂದೇ ಬೆಲೆಯ ಚೀಟಿ ಅಂಟಿಸಿರುತ್ತಾರೆ. ನೇಥನ್ ರೋಡಿನ ಒಂದು ಅಂಗಡಿಯಲ್ಲಿ ಅಂಥ ಬಳೆ ಹಿಡಿದು ತೂಕ ಎಷ್ಟು ಅಂತ ಕೇಳಿದರೆ, ಡಿಸೈನ್ ನೋಡಿ ಮೇಡಂ ಅಂದಳು ಹುಡುಗಿ. ಮತ್ತೆ ಕೇಳಿದರೆ ಇವತ್ತು ಹತ್ತು ಪರ್ಸೆಂಟ್ ಕಮ್ಮಿ ಅಂದಳು. ಮೂರನೇ ಸಲ ಬೀಗಿತ್ತಿಯೇ ಅವರ ಭಾಷೆಯಲ್ಲಿ ಕೇಳಿದರು, ದನಿ ಸ್ವಲ್ಪ ಏರಿತ್ತು. ಆಗ ತಕ್ಕಡಿ ಹೊರಗೆ ಬಂತು. ತೂಕಕ್ಕೆ ಬೋರ್ಡಿನ ದರ ಹಾಕಿ ನೋಡಿದರೆ ಡಿಸ್ಕೌಂಟ್ ಕಳೆದ ಮೇಲೂ ಬೆಲೆ ಎಲ್ಲೋ ಮೇಲಿತ್ತು. ಬಳೆ ಅಲ್ಲೇ ಬಿಟ್ಟು ಬಂದೆವು.

ಗಂಡು ಹೆಣ್ಣು ಬದಲಿಸಿಕೊಳ್ಳುವ ಉಂಗುರ ಇನ್ನೊಂದು ಕಥೆ. ಅದು ಚೀನೀ ಪದ್ಧತಿಯಲ್ಲಿ ಹಿಂದೆ ಇರಲಿಲ್ಲ, ಪಶ್ಚಿಮದ ಕಡೆಯಿಂದ ಬಂದದ್ದು. ಅದರ ಬಗ್ಗೆ ಹಿರಿಯರು ತಲೆ ಹಾಕುವುದೂ ಇಲ್ಲ. ಅಪರಂಜಿ ಮೆತ್ತಗೆ, ದಿನಾ ಹಾಕಿಕೊಂಡರೆ ಬಾಗುತ್ತದೆ, ಗೀರು ಬೀಳುತ್ತದೆ. ಅದಕ್ಕೇ ಜನ ಉಂಗುರಕ್ಕೆ 750 ಅಂಕಿಯ 18 ಕ್ಯಾರೆಟ್ ಚಿನ್ನ, ಇಲ್ಲಾಂದ್ರೆ 950ರ ಪ್ಲಾಟಿನಂ ಆರಿಸುತ್ತಾರೆ. ಅಲ್ಲಿಯ ಉಂಗುರದ ಸೈಜಿನ ನಂಬರು ಅಮೆರಿಕದ್ದಲ್ಲ, ನಮ್ಮದೂ ಅಲ್ಲ. ಫೋನಿನಲ್ಲಿ ನಂಬರ್ ಹೇಳಿ ಆರ್ಡರ್ ಕೊಡಬೇಡಿ, ಬೆರಳನ್ನೇ ಕರೆದುಕೊಂಡು ಹೋಗಿ. ಏಸಿ ಅಂಗಡಿಯಲ್ಲಿ ಬೆರಳು ಸಣ್ಣಗಾಗುತ್ತದೆ, ಹೊರಗೆ ಸೆಕೆಗೆ ಬಂದರೆ ಊದುತ್ತದೆ. ಸ್ವಲ್ಪ ಹೊತ್ತು ಹಾಕಿಕೊಂಡೇ ಓಡಾಡಿ. ಸುತ್ತಲೂ ಕಲ್ಲು ಕೂರಿಸಿದ ಉಂಗುರವನ್ನು ಆಮೇಲೆ ದೊಡ್ಡದು ಸಣ್ಣದು ಮಾಡುವುದು ತುಂಬಾ ಕಷ್ಟ. ಒಳಗೆ ಹೆಸರು ಕೆತ್ತಿಸಿದರೆ ಬದಲಿಸಿಕೊಡುವುದಿಲ್ಲ ಅನ್ನೋ ಅಂಗಡಿಗಳೂ ಇವೆ. ಅಳತೆಗೆ ಮಾಡಿಸಿದರೆ ವಾರಗಟ್ಟಲೆ ಬೇಕು.

ರಸೀದಿಯಲ್ಲಿ ಚಿನ್ನದ ಶುದ್ಧತೆ ಬರೆದು ಕೊಡಬೇಕಾದದ್ದು ಅಂಗಡಿಯವರ ಕರ್ತವ್ಯ, ಬಿಡದೆ ಕೇಳಿ. 2023ರ ಏಪ್ರಿಲ್‌ನಿಂದ 1,20,000 ಹಾಂಗ್‌ಕಾಂಗ್ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ನಗದು ವ್ಯವಹಾರ ಮಾಡುವ ಒಡವೆ ವ್ಯಾಪಾರಿಗಳು ಅಲ್ಲಿಯ ಕಸ್ಟಮ್ಸ್ ಇಲಾಖೆಯಲ್ಲಿ ನೋಂದಾಯಿಸಿರಬೇಕು. ಗಿರಾಕಿಯ ಗುರುತಿನ ದಾಖಲೆಯನ್ನೂ ನೋಡಬೇಕು. ಪಾಸ್‌ಪೋರ್ಟ್ ಕೇಳಿದರೆ ಗಾಬರಿಯಾಗಬೇಡಿ.

ಆ ಚಿನ್ನವನ್ನು ಇಲ್ಲಿಗೆ ತರುವವರಿಗೆ ಲೇಖನ ಒಂದು ಮಾತೂ ಹೇಳಿಲ್ಲ, ನನಗೆ ಜಾಸ್ತಿ ಕೋಪ ಬಂದದ್ದು ಇದಕ್ಕೇ. ನಮ್ಮ ಕಸ್ಟಮ್ಸ್‌ನಲ್ಲಿ ಒಡವೆಗೆ ಇರುವ ಸುಂಕದ ರಿಯಾಯಿತಿ ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿ ನೆಲೆಸಿ ಬರುವವರಿಗೆ. ಮೂರು ದಿನ ಹೋಗಿ ಬಂದವರಿಗೆ ಅದು ಸಿಗುವುದಿಲ್ಲ. ಅಲ್ಲಿ ಉಳಿಸಿದ್ದನ್ನು ಇಲ್ಲಿ ಸುಂಕವಾಗಿ ಕಟ್ಟಿ ಬರುವ ಖರೀದಿಗೆ ಅಗ್ಗ ಅಂತ ಹೆಸರಿಡುವುದು ನ್ಯಾಯವಾ, ನೀವೇ ಹೇಳಿ. ನಮ್ಮ ಮಗಳು ಅಲ್ಲೇ ಇರುವವಳು, ಮದುವೆಯಲ್ಲಿ ಅವಳಿಗೆ ಹಾಕಿದ ಬಳೆಯೂ ಅಲ್ಲೇ ಉಳಿಯಿತು.

ನನ್ನ ಮಾತು ಇಷ್ಟೇ. ಬೇರೆಯವರ ಮನೆಯ ಪದ್ಧತಿಯ ಖರೀದಿಗೆ ಹೋಗುವಾಗ ಡಿಸ್ಕೌಂಟ್ ಪಟ್ಟಿಗಿಂತ ಮೊದಲು ಆ ಮನೆಯವರನ್ನು ಕೇಳಿ. ಕ್ವಾ ಬೇಕೋ ಶಿಯುಹೆ ಸಾಕೋ, ಬಳೆ ಯಾರು ಹಾಕುತ್ತಾರೆ, ಬಾಡಿಗೆ ಯಾರು ಕೊಡುತ್ತಾರೆ, ಇದೆಲ್ಲ ಅವರ ಊಟದ ಮೇಜಿನ ಮೇಲೆ ತೀರ್ಮಾನವಾಗುವ ವಿಷಯ. ನಮ್ಮ ಬೀಗಿತ್ತಿ ಇಲ್ಲದಿದ್ದರೆ ನನಗೆ ಆ ತಕ್ಕಡಿಯೂ ಹೊರಗೆ ಬರುತ್ತಿರಲಿಲ್ಲ.

ಮುಂದೆ ಪುರವಣಿಯಲ್ಲಿ ಈ ವಿಷಯ ಬರೆಸುವುದಾದರೆ ಕ್ವಾ ಹೊಲಿಯುವವರ ಬಗ್ಗೆ ಬರೆಸಿ. ಹಾಂಗ್‌ಕಾಂಗ್ ಸರ್ಕಾರ 2017ರಲ್ಲಿ ತನ್ನ ಪರಂಪರೆಯ ಕಲೆಗಳ ಪಟ್ಟಿಗೆ ಚಿಯೊಂಗ್‌ಸಾಮ್ ಮತ್ತು ಕ್ವಾ ಹೊಲಿಯುವ ಕೆಲಸವನ್ನೂ ಸೇರಿಸಿದೆ. ಆದರೆ ನಾವು ಹೋದ ಅಂಗಡಿಯ ಆ ಹೆಂಗಸಿನ ಪಕ್ಕದಲ್ಲಿ ಸೂಜಿ ಹಿಡಿಯಲು ಕೂತ ಎಳೆಯರು ಒಬ್ಬರೂ ಇರಲಿಲ್ಲ. ಯಾಕೆ ಅಂತ ಕೇಳಲು ನನಗೆ ಭಾಷೆ ಸಾಲಲಿಲ್ಲ. ನಿಮ್ಮ ವರದಿಗಾರರು ಕೇಳಲಿ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ, ವೃತ್ತಿಯಲ್ಲಿ ಟೈಲರ್