ಆಲ್ಬಂ ಬಂತು, ಥ್ಯಾಂಕ್ಸ್ ಇಸ್ತಾಂಬುಲ್‌ವರೆಗೂ ಹೋಗಬೇಕು

ನಮ್ಮ ಮೊದಲ ಕನ್ನಡ ರ‍್ಯಾಪ್ ಆಲ್ಬಂ ಕೊನೆಗೂ ಹೊರಬಂತು. ಕೇಳಿದವರಿಗೆ, ಹಂಚಿಕೊಂಡವರಿಗೆ, "ಇದು ಹಾಡೋ ಜಗಳವೋ?" ಅಂತ ಕೇಳಿ ಕೊನೇವರೆಗೂ ಕೂತ ದೊಡ್ಡಮ್ಮನಿಗೆ, ಎಲ್ಲರಿಗೂ ಕೈಮುಗಿದೆ. ಮಿಕ್ಸಿಂಗ್ ಮಾಡಿದ ಗೆಳೆಯನಿಗೆ ಥ್ಯಾಂಕ್ಸ್ ಬೇಡವಂತೆ, ಬಾಕಿ ದುಡ್ಡು ಕೊಟ್ಟರೆ ಸಾಕಂತೆ.

ಇನ್ನೊಬ್ಬರಿದ್ದಾರೆ. ಅವರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ. ಟರ್ಕಿಯ ರ‍್ಯಾಪರ್ ಜೆಜಾ. 1976ರಲ್ಲಿ ಇಸ್ತಾಂಬುಲ್‌ನ ಉಸ್ಕುದಾರ್‌ನಲ್ಲಿ ಹುಟ್ಟಿದವರು, ಎಲೆಕ್ಟ್ರಿಷಿಯನ್ ಕೆಲಸ ಕಲಿತವರು. ಟರ್ಕಿಶ್ ರ‍್ಯಾಪ್ ಮೊದಲು ಸದ್ದು ಮಾಡಿದ್ದು ಜರ್ಮನಿಗೆ ದುಡಿಯಲು ಹೋದವರ ಮಕ್ಕಳಿಂದ. 1995ರ 'ಕಾರ್ಟೆಲ್' ತಂಡ ಅವರದ್ದೇ. ಜೆಜಾ ಮಾತ್ರ ಊರಲ್ಲೇ ಇದ್ದು ಬೆಳೆದವರು. ಮೊದಲು 'ನೆಫ್ರೆತ್' ಎಂಬ ಜೋಡಿ ತಂಡ, 2002ರಲ್ಲಿ ಸ್ವಂತ ಆಲ್ಬಂ, 2004ರಲ್ಲಿ 'ರ‍್ಯಾಪ್‌ಸ್ಟಾರ್'. ಮರುವರ್ಷ ಫಾತಿಹ್ ಅಕಿನ್ ಅವರ ಸಾಕ್ಷ್ಯಚಿತ್ರ 'ಕ್ರಾಸಿಂಗ್ ದ ಬ್ರಿಡ್ಜ್'ನಲ್ಲಿ ಪರದೆಗೂ ಬಂದರು. ನಾನು ಅವರನ್ನು ಕಂಡಿದ್ದು ಅದರಲ್ಲೇ. ಆ ವೇಗಕ್ಕೆ ಬಾಯಿ ಬಿಟ್ಟುಕೊಂಡು ನೋಡಿದೆ.

ವೇಗಕ್ಕಿಂತ ನನಗೆ ಉಪಕಾರವಾಗಿದ್ದು ಬೇರೆ. ಟರ್ಕಿಶ್‌ನಲ್ಲೂ ನಮ್ಮ ಹಾಗೇ ಕ್ರಿಯಾಪದ ಕೊನೆಗೆ, ಪ್ರತ್ಯಯಗಳ ಸಾಲು ಅದರ ಬಾಲಕ್ಕೆ. ಹಾಗಾಗಿ ಅಂತ್ಯಪ್ರಾಸ ಅಗ್ಗ. 'ಹೋದೆನು, ಬಂದೆನು, ತಿಂದೆನು' ಅಂತ ಯಾರು ಬೇಕಾದರೂ ಗಂಟೆಗಟ್ಟಲೆ ಹೊಸೆಯಬಹುದು. ನನ್ನ ಹಳೇ ಡೈರಿ ತುಂಬ ಅದೇ. ಜೆಜಾ ಸಾಲಿನ ಕೊನೆಯನ್ನು ನೆಚ್ಚಿ ಕೂರುವುದಿಲ್ಲ. ಸಾಲಿನ ಹೊಟ್ಟೆಯಲ್ಲೇ ಸದ್ದಿಗೆ ಸದ್ದು ಡಿಕ್ಕಿ ಹೊಡೆಸುತ್ತಾರೆ. ಅದನ್ನು ಕೇಳಿದ ಮೇಲೆ ಹೊಳೆಯಿತು: ನಮ್ಮ ಹಳಗನ್ನಡದ ಕವಿಗಳು ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಟ್ಟಿದ್ದು ಸುಮ್ಮನೆ ಅಲ್ಲ! ಶಾಲೆಯಲ್ಲಿ ಆದಿಪ್ರಾಸ ಅಂದರೆ ನಿದ್ದೆ ಬರುತ್ತಿತ್ತು. ಈಗ ಆಲ್ಬಂನ ಅರ್ಧ ಹಾಡುಗಳು ನಿಂತಿರುವುದೇ ಅದರ ಮೇಲೆ. ಕನ್ನಡ ಮೇಷ್ಟ್ರಿಗೂ ಇಲ್ಲೇ ಒಂದು ನಮಸ್ಕಾರ, ತಡವಾಗಿ.

ಅದೇ ಚಿತ್ರದಲ್ಲಿ ಜೆಜಾ ಅವರ ತಂಗಿ ಆಯ್ಬೆನ್ ಕೂಡ ರ‍್ಯಾಪ್ ಮಾಡುತ್ತಾರೆ. ಅಣ್ಣನ ನೆರಳು ಅನ್ನಿಸುವುದೇ ಇಲ್ಲ, ಹುಡುಗಿ ಗದರಿಸಿದ ಹಾಗಿರುತ್ತದೆ. ಅದನ್ನು ನೋಡಿ ನನ್ನ ತಂಗಿ ಮೈಕ್ ಕಿತ್ತುಕೊಂಡಳು. ಆಲ್ಬಂನ ಮೂರನೇ ಹಾಡು ಪೂರ್ತಿ ಅವಳದ್ದೇ. ಎಲ್ಲರೂ ಹೊಗಳುತ್ತಿರುವುದೂ ಅದನ್ನೇ. ಹೊಟ್ಟೆ ಉರಿಯುತ್ತಿದೆ ಮಾರಾಯ್ತಿ, ಆದರೂ ಥ್ಯಾಂಕ್ಸ್.